ವೇಳಾಪಟ್ಟಿಯೂ ಒಂದು ವಾಗ್ದಾನವೇ?

ಮಾನವಸಮಾಜವು ನಿಂತಿರುವುದು ನಂಬಿಕೆಯ ಮೇಲೆ. ನಂಬಿಕೆಯು ನಿಂತಿರುವುದು ಮಾತಿನ ಮೇಲೆ. ಹೊಲವನ್ನು ಹರಗಿ ಹಸನುಮಾಡಿ ಮುಗಿಲ ಕಡೆಗೆ ನೋಡುವ ಒಕ್ಕಲಿಗನು ಮಳೆಯನ್ನು ನಂಬಿರುತ್ತಾನೆ. ಆದರೆ ಮಳೆಯು ಅವನಿಗೆ ಮಾತು ಕೊಟ್ಟಿರುವುದಿಲ್ಲ. ಅದು ಬಾರದಿದ್ದರೆ ಅವನು ಮರುಗಬಹುದು, ಯಾರನ್ನೂ ದೂರಲಾರ. ಅದೇ ಒಕ್ಕಲಿಗನಿಂದ ಮುಂಗಡ ಹಣ ಪಡೆದು, ಮೃಗಶಿರಾ ಮಳೆಯ ಹೊತ್ತಿಗೆ ಬೀಜ ತಲುಪಿಸುವೆನೆಂದ ವರ್ತಕನು ಹದ ಆರಿದ ಮೇಲೆ ಬೀಜ ತಂದಿಳಿಸಿದರೆ ಅದು ಬರಿಯ ನಷ್ಟವಲ್ಲ, ಅನ್ಯಾಯ. ಎರಡು ಸಂದರ್ಭಗಳಲ್ಲಿಯೂ ಹೊಲ ಬೀಳುಬಿದ್ದಿರಬಹುದು. ಕಣ್ಣಿಗೆ ಕಾಣುವ ಫಲ ಒಂದೇ ಇರಬಹುದು. ಆದರೂ ಅದು ನಷ್ಟ, ಇದು ಅನ್ಯಾಯ ಎಂದು ನಮ್ಮ ಅಂತಃಸಾಕ್ಷಿಯು ಬೇರ್ಪಡಿಸಿ ಹೇಳುತ್ತದೆ. ಹಾಗೆ ಬೇರ್ಪಡಿಸುವ ಗೆರೆಯೇ ಕೊಟ್ಟ ಮಾತು.

ಈ ಗೆರೆಯನ್ನು ನಮ್ಮ ಕಾಲದ ಒಂದು ವ್ಯವಹಾರಕ್ಕೆ ಅನ್ವಯಿಸಿ ನೋಡುವುದು ಈ ಲೇಖನದ ಉದ್ದೇಶ. ದೇಶದೊಳಗೆ ಹಾರಾಡುವ ವಿಮಾನಗಳು ಹೇಳಿದ ವೇಳೆಗೆ ಹೊರಡದಿರುವುದು, ಕೆಲವೊಮ್ಮೆ ಹೊರಡದೆಯೇ ರದ್ದಾಗುವುದು ಈಗ ಎಲ್ಲರ ಬಾಯಲ್ಲಿರುವ ಮಾತು. ಮಠದ ಮಾಸಪತ್ರಿಕೆಯಲ್ಲಿ ವಿಮಾನದ ಚರ್ಚೆಯೇ ಎಂದು ಕೆಲವು ವಾಚಕರು ಹುಬ್ಬೇರಿಸಬಹುದು. ವಿಮಾನವು ಸಿರಿವಂತರ ವಾಹನ ಮಾತ್ರವಾಗಿದ್ದ ಕಾಲದಲ್ಲಿ ಈ ಆಕ್ಷೇಪಕ್ಕೆ ತೂಕವಿತ್ತು. ಈಗ ಹಾಗಿಲ್ಲ. ದಿಲ್ಲಿಯಲ್ಲಿ ಪರೀಕ್ಷೆ ಬರೆಯಲು ಹೊರಟ ಹಳ್ಳಿಯ ವಿದ್ಯಾರ್ಥಿ, ಮುಂಬಯಿಯ ಆಸ್ಪತ್ರೆಗೆ ತಾಯಿಯನ್ನು ಕರೆದೊಯ್ಯುವ ಗುಮಾಸ್ತ, ತಂದೆಯ ಅಂತ್ಯಸಂಸ್ಕಾರಕ್ಕೆ ಊರು ಸೇರಬೇಕಾದ ಮಗ, ಇವರೆಲ್ಲರೂ ವಿಮಾನ ಹತ್ತುತ್ತಾರೆ. ಕಲಬುರಗಿಯ ನಿಲ್ದಾಣವು 2019ರಲ್ಲಿ, ಶಿವಮೊಗ್ಗದ್ದು 2023ರಲ್ಲಿ ಉದ್ಘಾಟನೆಯಾದುವು. ಅಲ್ಲದೆ ಪ್ರಶ್ನೆ ವಿಮಾನದ್ದಲ್ಲ, ಮಾತಿನದು. ಮಾತು ಎಲ್ಲಿ ಮುರಿಯುತ್ತದೆಯೋ ಅಲ್ಲಿ ಧರ್ಮಜಿಜ್ಞಾಸೆಗೆ ಎಡೆಯಿದ್ದೇ ಇದೆ.

ವಿಳಂಬದ ಸರಪಳಿ

ಮೊದಲು ವಿಳಂಬವು ಹೇಗೆ ಹುಟ್ಟುತ್ತದೆಂಬುದನ್ನು ಅರಿಯುವುದು ಲೇಸು. ಒಂದು ವಿಮಾನವು ದಿನಕ್ಕೆ ಒಂದೇ ಸಾರಿ ಹಾರುವುದಲ್ಲ. ನಸುಕಿನಲ್ಲಿ ಬೆಂಗಳೂರಿನಿಂದ ದಿಲ್ಲಿಗೆ ಹೋದ ವಿಮಾನವೇ ಅಲ್ಲಿಂದ ಮತ್ತೊಂದು ಊರಿಗೆ, ಅಲ್ಲಿಂದ ಮುಂಬಯಿಗೆ, ರಾತ್ರಿ ಮರಳಿ ಬೆಂಗಳೂರಿಗೆ ಬರಬಹುದು. ಒಂದು ಇಳಿತಕ್ಕೂ ಮರುಹಾರಾಟಕ್ಕೂ ನಡುವೆ ಬಿಟ್ಟಿರುವ ಅವಧಿ ಬಹಳ ಸ್ವಲ್ಪ. ಆದುದರಿಂದ ಬೆಳಗಿನ ದಿಲ್ಲಿಯ ಮುಕ್ಕಾಲು ಗಂಟೆಯ ತಡವು ಸಂಜೆಯ ಮುಂಬಯಿಯಲ್ಲಿ ಎರಡು ಗಂಟೆಯಾಗಿ ಬೆಳೆದು ನಿಲ್ಲುವುದುಂಟು. ಮುಂಬಯಿಯಲ್ಲಿ ಎರಡು ರನ್‌ವೇಗಳಿದ್ದರೂ ಅವು ಒಂದನ್ನೊಂದು ಅಡ್ಡಹಾಯುವುದರಿಂದ ಒಂದು ಸಲಕ್ಕೆ ಒಂದೇ ಬಳಕೆಗೆ ಬರುತ್ತದೆ. ಹಾಗಿರುವಲ್ಲಿ ಒಂದು ವಿಮಾನ ತನ್ನ ಸರದಿಯನ್ನು ತಪ್ಪಿಸಿಕೊಂಡರೆ ಹಿಂದಿನ ಸಾಲೆಲ್ಲ ಸರಿಯಬೇಕಾಗುತ್ತದೆ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು ತಿಂಗಳು ತಿಂಗಳೂ ಪ್ರಕಟಿಸುವ ಪಟ್ಟಿಗಳಲ್ಲಿ ವಿಳಂಬದ ಕಾರಣಗಳನ್ನು ವಿಂಗಡಿಸಿರುತ್ತಾರೆ. ಅವುಗಳಲ್ಲಿ ಸಾಮಾನ್ಯವಾಗಿ ದೊಡ್ಡ ಪಾಲು ಹವಾಮಾನದ್ದೂ ಅಲ್ಲ, ಯಂತ್ರದೋಷದ್ದೂ ಅಲ್ಲ; ಹಿಂದಿನ ವಿಳಂಬದಿಂದ ಹುಟ್ಟಿದ ವಿಳಂಬದ್ದು. ಎಂದರೆ ತಡಕ್ಕೆ ತಡವೇ ತಾಯಿ.

ಇದರಿಂದ ಒಂದು ತತ್ತ್ವ ಹೊರಡುತ್ತದೆ. ಮೊದಲ ತಡವನ್ನು ಯಾರೂ ಪೂರ್ತಿಯಾಗಿ ತಪ್ಪಿಸಲಾರರು. ಆದರೆ ಅದು ಮುಂದೆ ಹರಿದುಹೋಗದಂತೆ ತಡೆಯುವುದು ಮನುಷ್ಯನ ಕೈಯಲ್ಲಿದೆ. ಎರಡು ಹಾರಾಟಗಳ ನಡುವೆ ಅಷ್ಟು ಬಿಡುವು, ಅಗತ್ಯಕ್ಕೆ ಒದಗುವ ಒಂದು ಬಿಡಿ ವಿಮಾನ, ಕರೆದಾಗ ಬರಲು ಸಿದ್ಧರಾಗಿರುವ ಕೆಲವು ಪೈಲಟರು, ಇವೇ ಆ ತಡೆಗಳು. ಇವನ್ನೆಲ್ಲ ಕೂಡಿಸಿ 'ಮೀಸಲು' ಎಂಬ ಒಂದು ಹೆಸರಿನಿಂದ ಕರೆಯೋಣ. ನಮ್ಮ ನಾಡಿನ ಹಿರಿಯರು ಕೆರೆ ಕಟ್ಟಿಸುವಾಗ ಏರಿಯೊಂದನ್ನೇ ಕಟ್ಟಿಸಲಿಲ್ಲ. ಹೆಚ್ಚಿದ ನೀರು ಹರಿದುಹೋಗಲೆಂದು ಕೋಡಿಯನ್ನೂ ಇಟ್ಟರು. ಕೋಡಿಯ ಜಾಗದಲ್ಲಿ ಬೆಳೆ ಬೆಳೆಯುವುದಿಲ್ಲ. ಬರಗಾಲದಲ್ಲಿ ಅದನ್ನು ನೋಡಿದವನಿಗೆ ಅದು ವ್ಯರ್ಥವೆಂದೇ ತೋರೀತು. ಆದರೆ ಕೋಡಿಯಿಲ್ಲದ ಕೆರೆಯ ಏರಿ ಮೊದಲ ದೊಡ್ಡ ಮಳೆಗೆ ಒಡೆಯುತ್ತದೆ.

ಮೂರು ತೆರನ ಕಾರಣಗಳು

ನಮ್ಮ ಶಾಸ್ತ್ರಕಾರರು ದುಃಖವನ್ನು ಆಧಿದೈವಿಕ, ಆಧಿಭೌತಿಕ, ಆಧ್ಯಾತ್ಮಿಕವೆಂದು ಮೂರಾಗಿ ವಿಭಾಗಿಸಿದರು. ಪ್ರಕೃತಿಶಕ್ತಿಗಳಿಂದ ಬಂದುದು ಒಂದು, ಇತರ ಜೀವಿಗಳಿಂದ ಮತ್ತು ವಸ್ತುಗಳಿಂದ ಬಂದುದು ಇನ್ನೊಂದು, ತನ್ನೊಳಗಿನಿಂದಲೇ ಹುಟ್ಟಿದುದು ಮತ್ತೊಂದು. ವಿಮಾನದ ವಿಳಂಬಕ್ಕೂ ಈ ವಿಭಾಗ ಹೊಂದುತ್ತದೆ. ದಿಲ್ಲಿಯ ದಟ್ಟ ಮಂಜು ಮೊದಲನೆಯದು. ಹಕ್ಕಿ ಬಡಿದು ಯಂತ್ರ ಕೆಡುವುದು ಎರಡನೆಯದು. ಇದ್ದುದಕ್ಕಿಂತ ಹೆಚ್ಚಿನದನ್ನು ಮಾರುವ ಲೋಭ ಮೂರನೆಯದು. ಮೊದಲೆರಡಕ್ಕೆ ತಾಳ್ಮೆಯೇ ಔಷಧ. ಇಳಿಯಲು ದಾರಿ ಕಾಣದಾಗ ಆಕಾಶದಲ್ಲಿ ಸುತ್ತುವ ಪೈಲಟನನ್ನಾಗಲಿ, ಸಣ್ಣದೊಂದು ಸೋರಿಕೆ ಕಂಡು ವಿಮಾನವನ್ನು ನಿಲ್ಲಿಸಿದ ತಂತ್ರಜ್ಞನನ್ನಾಗಲಿ ಬಯ್ಯುವವನು ತನ್ನ ಪ್ರಾಣ ಕಾಯ್ದವನನ್ನೇ ಬಯ್ದಂತೆ.

ಆದರೆ ಈ ಮೂರನ್ನು ಬೇರ್ಪಡಿಸುವುದು ಅಷ್ಟು ಸುಲಭವಲ್ಲ. ಮೂರನೆಯದು ಮೊದಲನೆಯದರ ವೇಷ ಹಾಕಿಕೊಂಡು ಬರುವುದುಂಟು. ದಿಲ್ಲಿಯ ನಿಲ್ದಾಣದಲ್ಲಿ 50 ಮೀಟರಿನಷ್ಟು ಮಾತ್ರ ಕಣ್ಣಿಗೆ ಕಾಣುವ ಮಂಜಿನಲ್ಲಿಯೂ ವಿಮಾನ ಇಳಿಸಲು ನೆರವಾಗುವ ಉಪಕರಣಗಳಿವೆ. ಆದರೆ ಅದಕ್ಕೆ ವಿಶೇಷ ತರಬೇತಿ ಹೊಂದಿದ ಪೈಲಟರು ಬೇಕು. 2023ರ ಡಿಸೆಂಬರಿನಲ್ಲಿ ಮಂಜು ಕವಿದ ದಿನಗಳಂದು ಅಂಥ ತರಬೇತಿಯಿಲ್ಲದ ಪೈಲಟರನ್ನು ನೇಮಿಸಿದ್ದಕ್ಕಾಗಿ ಏರ್ ಇಂಡಿಯಾ ಮತ್ತು ಸ್ಪೈಸ್‌ಜೆಟ್ ಸಂಸ್ಥೆಗಳಿಗೆ ಮಹಾನಿರ್ದೇಶನಾಲಯವು 2024ರ ಜನವರಿಯಲ್ಲಿ ತಲಾ 30 ಲಕ್ಷ ರೂಪಾಯಿ ದಂಡ ವಿಧಿಸಿತು. ಮಂಜು ಬಂದುದು ದೈವ. ಪ್ರತಿ ವರ್ಷವೂ ಅದೇ ತಿಂಗಳಲ್ಲಿ ಬರುವ ಮಂಜಿಗೆ ಸಿದ್ಧರಾಗದಿದ್ದುದು ಮಾನುಷ. ಶ್ರಾವಣದಲ್ಲಿ ಮಳೆ ಬಂತೆಂದು ಆಶ್ಚರ್ಯಪಡುವ ಮಾಳಿಗೆಮನೆಯ ಯಜಮಾನನನ್ನು ಯಾರು ನಂಬಿಯಾರು?

ವಿಶ್ರಾಂತಿಯ ಪ್ರಶ್ನೆ

2025ರ ಡಿಸೆಂಬರಿನ ಮೊದಲ ವಾರದಲ್ಲಿ ನಡೆದ ಸಂಗತಿ ಈ ವಿಚಾರಕ್ಕೆ ದೊಡ್ಡ ನಿದರ್ಶನವಾಗಿದೆ. ದೇಶದೊಳಗಿನ ವಿಮಾನಪ್ರಯಾಣಿಕರಲ್ಲಿ ನೂರಕ್ಕೆ ಅರುವತ್ತಕ್ಕಿಂತ ಹೆಚ್ಚಿನವರನ್ನು ಒಯ್ಯುವ ಇಂಡಿಗೋ ಸಂಸ್ಥೆಯ ಹಾರಾಟಗಳು ಸಾಲುಸಾಲಾಗಿ ರದ್ದಾದುವು. ಮಹಾನಿರ್ದೇಶನಾಲಯವು ಹೇಳಿದಂತೆ ಡಿಸೆಂಬರ್ 3ರಿಂದ 5ರವರೆಗಿನ ಮೂರೇ ದಿನಗಳಲ್ಲಿ 2,507 ಹಾರಾಟಗಳು ರದ್ದಾಗಿ, 1,852 ತಡವಾಗಿ, ಮೂರು ಲಕ್ಷಕ್ಕೂ ಹೆಚ್ಚು ಜನರು ನಿಲ್ದಾಣಗಳಲ್ಲಿ ಸಿಕ್ಕಿಕೊಂಡರು. ಬೆಂಗಳೂರು, ದಿಲ್ಲಿ, ಮುಂಬಯಿ, ಹೈದರಾಬಾದುಗಳಲ್ಲಿ ಪೆಟ್ಟಿಗೆಗಳ ರಾಶಿಯ ನಡುವೆ ಮಕ್ಕಳು ಮುದುಕರು ನೆಲದ ಮೇಲೆ ರಾತ್ರಿ ಕಳೆದರು. ಹುಬ್ಬಳ್ಳಿಯಲ್ಲಿ ಒಂದು ಆರತಕ್ಷತೆಗೆ ವಧೂವರರೇ ಬಂದು ಸೇರಲಾಗದೆ, ನೆರೆದ ಬಂಧುಗಳು ಅವರನ್ನು ಪರದೆಯ ಮೇಲೆ ಕಂಡು ಹರಸಬೇಕಾಯಿತು.

ಇದಕ್ಕೆ ಹೇಳಿದ ಮುಖ್ಯ ಕಾರಣವೇನು? ಪೈಲಟರ ವಿಶ್ರಾಂತಿಗಾಗಿ ಸರಕಾರವು ಮಾಡಿದ ಹೊಸ ನಿಯಮ. ವಾರದ ಎಡೆಬಿಡದ ವಿಶ್ರಾಂತಿಯು 36 ಗಂಟೆಗಳಿಂದ 48ಕ್ಕೆ ಏರಿತು. ಮಧ್ಯರಾತ್ರಿಯ ಅನಂತರದ ಇಳಿತಗಳು ಒಬ್ಬನಿಗೆ 6 ಇದ್ದುದು 2ಕ್ಕೆ ಇಳಿಯಿತು. ಈ ನಿಯಮವನ್ನು ಪ್ರಕಟಿಸಿದ್ದು 2024ರ ಜನವರಿಯಲ್ಲಿ. ಮುಂದೂಡಿಕೆ, ನ್ಯಾಯಾಲಯದ ವ್ಯವಹರಣೆ ಎಲ್ಲ ಮುಗಿದು, ಅದು ಎರಡು ಹಂತಗಳಲ್ಲಿ 2025ರ ಜುಲೈ 1ರಂದು ಮತ್ತು ನವೆಂಬರ್ 1ರಂದು ಜಾರಿಗೆ ಬಂದಿತು. ಎಂದರೆ ಸಿದ್ಧತೆಗೆ ಹತ್ತಿರ ಹತ್ತಿರ ಎರಡು ವರ್ಷ ದೊರೆತಿತ್ತು. ಆದರೂ ಬೇಕಾದಷ್ಟು ಪೈಲಟರಿಲ್ಲದೆಯೇ ಹಾರಾಟಗಳ ಪಟ್ಟಿ ಬೆಳೆಯಿತು, ಟಿಕೇಟುಗಳು ಮಾರಾಟವಾದುವು. ಅನಂತರ ವಿಚಾರಣೆ ನಡೆಸಿದ ಸಮಿತಿಯು ಸಿಬ್ಬಂದಿಯನ್ನೂ ವಿಮಾನಗಳನ್ನೂ ಕಡೆಯ ಹನಿಯವರೆಗೆ ಹಿಂಡುವ ಯೋಜನೆ ಮತ್ತು ಚೇತರಿಕೆಗೆ ಎಡೆಯಿಲ್ಲದ ವೇಳಾಪಟ್ಟಿಯನ್ನು ಕಾರಣಗಳಲ್ಲಿ ಎಣಿಸಿತು. 2026ರ ಜನವರಿಯಲ್ಲಿ ಆ ಸಂಸ್ಥೆಗೆ 22.20 ಕೋಟಿ ರೂಪಾಯಿ ದಂಡ ಬಿದ್ದಿತು. ಹಾಸಿಗೆಯಿದ್ದಷ್ಟು ಕಾಲು ಚಾಚೆಂದು ಹಳ್ಳಿಯ ಅಜ್ಜಿಯೂ ಬಲ್ಲಳು. ಇಲ್ಲಿ ಹಾಸಿಗೆಯನ್ನು ಅಳೆಯದೆಯೇ ಕಾಲು ಚಾಚಲಾಯಿತು.

ಆ ದಿನಗಳಲ್ಲಿ ಸಂಕಟವನ್ನು ತಗ್ಗಿಸಲೆಂದು ಡಿಸೆಂಬರ್ 5ರಂದು ಸರಕಾರವು ಮಾಡಿದ ಮೊದಲ ಕೆಲಸಗಳಲ್ಲಿ ಒಂದು, ರಾತ್ರಿಯ ಕೆಲಸದ ನಿಯಮಗಳಿಂದ ಆ ಸಂಸ್ಥೆಗೆ ತಾತ್ಕಾಲಿಕ ವಿನಾಯಿತಿ ಕೊಟ್ಟದ್ದು. ವಿಚಾರವಂತರು ಇಲ್ಲಿ ಸ್ವಲ್ಪ ನಿಲ್ಲಬೇಕು. ಪ್ರಯಾಣಿಕನ ವೇಳೆಯನ್ನು ಉಳಿಸಲು ಪೈಲಟನ ನಿದ್ದೆಯನ್ನು ಕೊಡಬಹುದೇ? ಬಳಲಿದ ಎತ್ತನ್ನು ಇನ್ನೊಂದು ಸಾಲು ಎಳೆಸುವ ಒಕ್ಕಲಿಗನಿಗೆ ನಷ್ಟವಾದರೆ ಒಂದು ಎತ್ತು. ಬಳಲಿದ ಪೈಲಟನ ಬೆನ್ನ ಹಿಂದೆ ನೂರೆಂಬತ್ತು ಜೀವಗಳು ಕುಳಿತಿರುತ್ತವೆ. ನಮ್ಮ ನಾಡಿಗೆ ಇದು ಕಥೆಯಲ್ಲ. 2010ರ ಮೇ 22ರಂದು ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನವು ಮಂಗಳೂರಿನಲ್ಲಿ ರನ್‌ವೇಯನ್ನು ದಾಟಿ ಕಮರಿಗೆ ಬಿದ್ದು 158 ಜನ ಮಡಿದರು. ಎಂಟು ಮಂದಿ ಮಾತ್ರ ಉಳಿದರು. ಸರಿಯಾದ ಎತ್ತರದಲ್ಲಿಲ್ಲದ ಇಳಿತವನ್ನು ಕೈಬಿಡದೆ ಮುಂದುವರಿಸಿದ್ದೇ ನೇರ ಕಾರಣವೆಂದು ವಿಚಾರಣಾ ವರದಿ ಹೇಳಿತು. ಆದರೆ ಮುಖ್ಯ ಪೈಲಟನು ದಾರಿಯುದ್ದಕ್ಕೂ ಬಹುಹೊತ್ತು ನಿದ್ರಿಸಿದ್ದುದನ್ನೂ, ನಿದ್ದೆಯಿಂದೆದ್ದ ಮಂಪರಿನಲ್ಲಿ ತೀರ್ಮಾನವು ಮಸುಳಿಸಿರಬಹುದೆಂಬುದನ್ನೂ ಅದು ಗುರುತಿಸಿತು. ಕಾಯಕವು ಪೂಜ್ಯವೆಂದು ನಂಬಿದವರು ಕಾಯಕ ಮಾಡುವ ಕಾಯಕ್ಕೆ ವಿಶ್ರಾಂತಿಯೂ ಪೂಜ್ಯವೆಂದು ತಿಳಿಯಬೇಕು.

ಹಾಗಾದರೆ ವಿಶ್ರಾಂತಿಯ ನಿಯಮವೊಂದಿದ್ದರೆ ಸಾಕೇ? ಸಾಲದೆಂಬುದಕ್ಕೆ ದೂರದ ದೇಶದ ಒಂದು ಹಳೆಯ ದುರಂತ ಸಾಕ್ಷಿಯಾಗಿದೆ. 1977ರ ಮಾರ್ಚ್ 27ರಂದು ಸ್ಪೇನಿಗೆ ಸೇರಿದ ಟೆನೆರಿಫ್ ದ್ವೀಪದ ರನ್‌ವೇಯಲ್ಲಿ ಎರಡು ಬೃಹತ್ ವಿಮಾನಗಳು ಮಂಜಿನಲ್ಲಿ ಡಿಕ್ಕಿ ಹೊಡೆದು 583 ಜನ ಸತ್ತರು. ವಿಮಾನಯಾನದ ಇತಿಹಾಸದಲ್ಲಿ ಅಷ್ಟು ಜೀವಗಳನ್ನು ಕೊಂಡ ಅಪಘಾತ ಮತ್ತೊಂದಿಲ್ಲ. ಅಪ್ಪಣೆ ದೊರೆಯುವ ಮೊದಲೇ ಹಾರಲು ಮುನ್ನುಗ್ಗಿದ ಡಚ್ ವಿಮಾನದ ಕ್ಯಾಪ್ಟನ್ ಅನನುಭವಿಯೇನೂ ಅಲ್ಲ. ಸಂಸ್ಥೆಯ ಹಿರಿಯರಲ್ಲಿ ಒಬ್ಬ. ಬೇರೆ ನಿಲ್ದಾಣದಿಂದ ತಿರುಗಿಸಲ್ಪಟ್ಟು ಗಂಟೆಗಟ್ಟಲೆ ಕಾದಿದ್ದ ಆ ತಂಡಕ್ಕೆ ಕೆಲಸದ ಅವಧಿಯ ಮಿತಿ ಹತ್ತಿರವಾಗುತ್ತಿತ್ತು. ಮಿತಿ ಮೀರಿದರೆ ಅಂದು ಹಾರುವಂತಿರಲಿಲ್ಲ. ದಣಿವಿನಿಂದ ಕಾಪಾಡಬೇಕಾದ ನಿಯಮವು ಬಿಡುವಿಲ್ಲದ ಏರ್ಪಾಟಿನೊಳಗೆ ಅವಸರದ ಚಾಟಿಯಾಗಿ ಪರಿಣಮಿಸಿತು. ಈ ಎರಡು ನಿದರ್ಶನಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಮೀಸಲಿಲ್ಲದ ಕಡೆ ಒಳ್ಳೆಯ ನಿಯಮವನ್ನು ತಂದರೆ ಒಂದೋ ಅದು ಅವಸರವನ್ನು ಹುಟ್ಟಿಸುತ್ತದೆ, ಇಲ್ಲವೇ ವ್ಯವಸ್ಥೆಯನ್ನೇ ಕುಸಿಯಿಸುತ್ತದೆ. ದೋಷವು ನಿಯಮದಲ್ಲಿಲ್ಲ, ಅದನ್ನು ತಾಳಿಕೊಳ್ಳುವ ಎಡೆಯನ್ನು ಬಿಡದಿದ್ದುದರಲ್ಲಿದೆ.

ಪೂರ್ವಪಕ್ಷ ಮತ್ತು ಸಮಾಧಾನ

ಇಲ್ಲಿ ಕೆಲವು ಆಕ್ಷೇಪಗಳು ಏಳುತ್ತವೆ. ಅವುಗಳನ್ನು ಪ್ರಾಮಾಣಿಕವಾಗಿ ಎದುರಿಸಬೇಕು.

ಮೊದಲನೆಯ ಆಕ್ಷೇಪ: ವೇಳಾಪಟ್ಟಿಯು ವಾಗ್ದಾನವೇ ಅಲ್ಲ, ಬರಿಯ ಅಂದಾಜು, ಟಿಕೇಟಿನ ಷರತ್ತುಗಳಲ್ಲಿ ವೇಳೆಗೆ ಖಾತರಿಯಿಲ್ಲವೆಂದು ಬರೆದೇ ಇದೆ. ನ್ಯಾಯಶಾಸ್ತ್ರವನ್ನು ಓದಿದವರಿಗೆ ಈ ವಾದದ ಮುಖಪರಿಚಯ ಹಿಂದಿನಿಂದಲೂ ಇದೆ. ಅದರ ಹೆಸರು ವಾಕ್ಛಲ. ಒಬ್ಬನು 'ನವಕಂಬಲ' ಎಂದು ಹೊಸ ಕಂಬಳಿಯ ಅರ್ಥದಲ್ಲಿ ನುಡಿದರೆ, ಎದುರಾಳಿಯು 'ನವ' ಎಂಬುದಕ್ಕೆ ಒಂಬತ್ತೆಂಬ ಅರ್ಥ ಹಿಡಿದು, ಉಳಿದ ಎಂಟೆಲ್ಲಿ ಎಂದು ಕೇಳುತ್ತಾನೆ. ಆಡಿದವನ ತಾತ್ಪರ್ಯ ಗೊತ್ತಿದ್ದೂ ಬೇರೆ ಅರ್ಥವನ್ನು ಎಳೆಯುವುದೇ ಛಲ. ಬೆಳಗ್ಗೆ 6 ಗಂಟೆ 10 ನಿಮಿಷಕ್ಕೆ ವಿಮಾನ ಹೊರಡುತ್ತದೆ ಎಂದು ಹೇಳಿ, ಆ ವೇಳೆ ಅನುಕೂಲವೆಂಬ ಕಾರಣದಿಂದಲೇ ಹೆಚ್ಚು ಬೆಲೆಗೆ ಮಾರಿ, ತಡವಾದಾಗ ಅದು ಅಂದಾಜು ಎನ್ನುವುದು ಇದೇ ಜಾತಿಯ ಮಾತು. ಮಾರುವಾಗ ಒಂದು ಅರ್ಥ, ಸಲ್ಲಿಸುವಾಗ ಇನ್ನೊಂದು ಅರ್ಥ!

ಅದು ನಿಜವಾಗಿಯೂ ಅಂದಾಜೇ ಆಗಿದ್ದರೆ ಪ್ರಯಾಣಿಕನಿಗೂ ಅಂದಾಜಾಗಬೇಕಲ್ಲವೆ? ಆದರೆ ಹೊರಡುವುದಕ್ಕೆ 60 ನಿಮಿಷ ಮುಂಚೆ ಕೌಂಟರು ಮುಚ್ಚುತ್ತದೆ. 25 ನಿಮಿಷ ಮುಂಚೆ ಏರುವ ದ್ವಾರ ಮುಚ್ಚುತ್ತದೆ. ದಾರಿಯಲ್ಲಿ ವಾಹನಗಳ ದಟ್ಟಣೆಗೆ ಸಿಕ್ಕಿ ಐದು ನಿಮಿಷ ತಡವಾಗಿ ಬಂದವನ ಟಿಕೇಟಿನ ಹಣ ಮುಳುಗಿತೆಂದೇ ಲೆಕ್ಕ. ಐದು ಗಂಟೆ ತಡವಾಗಿ ಬಂದ ವಿಮಾನಕ್ಕೆ ಒಂದು ವಿಷಾದದ ಪ್ರಕಟಣೆ ಸಾಕು. ಗಡಿಯಾರ ಒಂದೇ, ನ್ಯಾಯ ಎರಡು. ದುರ್ಬಲನನ್ನು ಕಟ್ಟುವ ಮಾತು ಬಲಿಷ್ಠನನ್ನು ಕಟ್ಟುವುದಿಲ್ಲವೆಂದಾದರೆ ಅದು ಒಪ್ಪಂದವಲ್ಲ, ಆಜ್ಞೆ. ಧರ್ಮಶಾಸ್ತ್ರಕಾರರು ಎಣಿಸಿದ ಹದಿನೆಂಟು ವ್ಯವಹಾರಪದಗಳಲ್ಲಿ ಸಂವಿದ್ವ್ಯತಿಕ್ರಮ, ಎಂದರೆ ಒಪ್ಪಂದದ ಉಲ್ಲಂಘನೆ, ಒಂದು. ಅಲ್ಲಿ ಉಲ್ಲಂಘಿಸಿದವನು ದೊಡ್ಡವನೆಂದು ಪದ ಬದಲಾಗುವುದಿಲ್ಲ.

ಎರಡನೆಯ ಆಕ್ಷೇಪವು ಹೆಚ್ಚು ತೂಕದ್ದು: ಮೀಸಲಿಡುವುದಕ್ಕೆ ಹಣ ಬೇಕು. ಸುಮ್ಮನೆ ನಿಂತ ವಿಮಾನವೂ ಸುಮ್ಮನೆ ಕುಳಿತ ಪೈಲಟನೂ ಖರ್ಚೇ ಸರಿ. ಆ ಖರ್ಚು ಟಿಕೇಟಿನ ಬೆಲೆಯ ಮೇಲೆ ಬೀಳುತ್ತದೆ. ಕಡಮೆ ಬೆಲೆಯಿಂದಲೇ ವಿಮಾನ ಹತ್ತಲು ಶಕ್ತನಾದ ಸಾಮಾನ್ಯನು ಮತ್ತೆ ಕೆಳಗಿಳಿಯಬೇಕಾಗುತ್ತದೆ. ಈ ಮಾತಿನಲ್ಲಿ ಸತ್ಯಾಂಶವಿದೆಯೆಂಬುದನ್ನು ಒಪ್ಪಲೇಬೇಕು. ಆದರೆ ಇದು ಮರೆಮಾಚುವ ಸಂಗತಿಯೊಂದಿದೆ. ಮೀಸಲಿಡದಿದ್ದರೆ ಆ ಖರ್ಚು ಇಲ್ಲವಾಗುವುದಿಲ್ಲ; ಹೊರುವ ಹೆಗಲು ಬದಲಾಗುತ್ತದೆ. ಹಿಂದೆ ನಮ್ಮ ಊರುಗಳಲ್ಲಿ ಹಗೇವು ತೋಡಿ ಜೋಳವನ್ನು ತುಂಬಿಡುತ್ತಿದ್ದರು. ಸುಭಿಕ್ಷದ ವರ್ಷ ಅದನ್ನೂ ಮಾರಿಬಿಟ್ಟವನು ಜಾಣನಂತೆ ತೋರುತ್ತಿದ್ದ. ಬರ ಬಂದ ವರ್ಷ ಅವನ ಜಾಣತನದ ಬೆಲೆಯನ್ನು ತೆತ್ತವರು ಅವನ ಮನೆಯ ಮಕ್ಕಳು. ವಿಮಾನಸಂಸ್ಥೆಯು ಹಗೇವನ್ನು ಬರಿದುಮಾಡಿದಾಗ ಬೆಲೆ ತೆರುವವನು ನಿಲ್ದಾಣದಲ್ಲಿ ಕುಳಿತ ಪ್ರಯಾಣಿಕ. ಅವನಲ್ಲಿಯೂ ಹಣವುಳ್ಳವನು ಬೇರೆ ಟಿಕೇಟು ಕೊಂಡು ಹೊರಟುಹೋಗುತ್ತಾನೆ. ಸಾಲ ಮಾಡಿ ಟಿಕೇಟು ಕೊಂಡವನು ಅಲ್ಲಿಯೇ ಉಳಿಯುತ್ತಾನೆ. 2025ರ ಡಿಸೆಂಬರಿನಲ್ಲಿ ಉಳಿದ ಸಂಸ್ಥೆಗಳ ಟಿಕೇಟಿನ ಬೆಲೆ ಏರಿದ ಬಗೆಯನ್ನು ಕಂಡು ಡಿಸೆಂಬರ್ 6ರಂದು ಸರಕಾರವು 500 ಕಿಲೋಮೀಟರಿನವರೆಗೆ 7,500 ರೂಪಾಯಿ, 1,500 ಕಿಲೋಮೀಟರಿಗೆ ಮೇಲ್ಪಟ್ಟು 18,000 ರೂಪಾಯಿ ಎಂದು ಮಿತಿ ಹಾಕಬೇಕಾಯಿತು. ಆದುದರಿಂದ ಬಡವನ ಹೆಸರಿನಲ್ಲಿ ಮಾಡಿದ ಈ ಉಳಿತಾಯದ ಹೊರೆ ಕೊನೆಗೆ ಬಡವನ ಮೇಲೆಯೇ ಹೆಚ್ಚಾಗಿ ಬೀಳುತ್ತದೆ.

ಜರ್ಮನಿಯ ತತ್ತ್ವಜ್ಞಾನಿ ಕಾಂಟನು 1785ರಲ್ಲಿ ಪ್ರಕಟಿಸಿದ ನೀತಿಗ್ರಂಥದಲ್ಲಿ ಒಂದು ಉದಾಹರಣೆ ಕೊಡುತ್ತಾನೆ. ತೀರಿಸಲಾರೆನೆಂದು ಬಲ್ಲವನು ತೀರಿಸುವೆನೆಂದು ಹೇಳಿ ಸಾಲ ಪಡೆಯುತ್ತಾನೆ. ಅವನ ಅಪರಾಧವು ಗಡುವಿನ ದಿನ ಹುಟ್ಟುವುದಲ್ಲ. ಮಾತು ಕೊಟ್ಟ ಕ್ಷಣದಲ್ಲಿಯೇ ಹುಟ್ಟುತ್ತದೆ, ಏಕೆಂದರೆ ಆಗಲೇ ಅವನು ಎದುರಿಗಿದ್ದವನನ್ನು ಕೇವಲ ಸಾಧನವಾಗಿ ಬಳಸಿರುತ್ತಾನೆ. ನಮ್ಮ ಪ್ರಶ್ನೆಯ ತಿರುಳು ಇಲ್ಲಿದೆ. ಮೀಸಲನ್ನಿಟ್ಟೂ ತಡವಾದ ಸಂಸ್ಥೆಯು ಮಾತಿಗೆ ತಪ್ಪಿಲ್ಲ, ದೈವಕ್ಕೆ ಸೋತಿದೆ ಅಷ್ಟೆ. ಮೀಸಲಿಲ್ಲವೆಂದು ತಿಳಿದೂ ವೇಳಾಪಟ್ಟಿ ಸಾರಿದ ಸಂಸ್ಥೆಯು, ಅದೃಷ್ಟವಶಾತ್ ಅಂದು ಸರಿಯಾದ ವೇಳೆಗೆ ಹೊರಟರೂ, ಸುಳ್ಳನ್ನು ಮಾರಿದೆ. ವಾಗ್ದಾನದ ಸತ್ಯವು ಅದರ ಫಲದಲ್ಲಿಲ್ಲ, ಅದರ ಹಿಂದಿನ ಸಿದ್ಧತೆಯಲ್ಲಿದೆ.

ಸತ್ಯವನ್ನು ಹೇಳುವ ವೇಳೆ

ತಡವಾದ ಮೇಲೂ ಧರ್ಮ ಮುಗಿಯುವುದಿಲ್ಲ. ಆಗ ಸತ್ಯವನ್ನು ನುಡಿಯುವ ಕರ್ತವ್ಯ ಉಳಿದಿರುತ್ತದೆ. ಇಬ್ಬರು ಪ್ರಯಾಣಿಕರನ್ನು ಊಹಿಸಿಕೊಳ್ಳಿ. ಇಬ್ಬರ ವಿಮಾನವೂ ಆರು ಗಂಟೆ ತಡ. ಒಬ್ಬನಿಗೆ ಮೊದಲೇ, ಆರು ಗಂಟೆಯಾಗುತ್ತದೆಯೆಂದು ಹೇಳಿದರು. ಅವನು ಮನೆಗೆ ಹೋಗಿ ಬರಬಹುದು, ರೈಲು ಹಿಡಿಯಬಹುದು, ಪ್ರಯಾಣವನ್ನೇ ಕೈಬಿಟ್ಟು ಹಣ ವಾಪಸು ಕೇಳಬಹುದು. ಇನ್ನೊಬ್ಬನಿಗೆ ಇನ್ನು ಅರ್ಧ ಗಂಟೆ ಎಂದು ಹನ್ನೆರಡು ಸಲ ಹೇಳಿದರು. ಅವನು ಕುರ್ಚಿ ಬಿಟ್ಟು ಏಳುವಂತಿಲ್ಲ. ಕಳೆದ ಹೊತ್ತು ಇಬ್ಬರಿಗೂ ಒಂದೇ. ಆದರೆ ಮೊದಲನೆಯವನು ತಡವನ್ನು ಅನುಭವಿಸಿದ, ಎರಡನೆಯವನು ಸೆರೆಯನ್ನು ಅನುಭವಿಸಿದ. ಅವನಿಂದ ಕಸಿದದ್ದು ಆರು ಗಂಟೆಗಳನ್ನಲ್ಲ. ಆ ಗಂಟೆಗಳನ್ನು ಏನು ಮಾಡಬೇಕೆಂದು ನಿರ್ಧರಿಸುವ ಸ್ವಾತಂತ್ರ್ಯವನ್ನು. ಅರ್ಧ ಗಂಟೆಯ ಸುಳ್ಳು ಸಣ್ಣದೆಂದು ತೋರಬಹುದು. ಹನ್ನೆರಡು ಸಲ ಹೇಳಿದಾಗ ಅದು ಒಂದು ಸಂಕೋಲೆಯಾಗುತ್ತದೆ.

ಸರಕಾರದ ನಿಯಮಗಳು ಇದನ್ನು ಸ್ವಲ್ಪಮಟ್ಟಿಗೆ ಗಮನಿಸಿವೆ. 2010ರಲ್ಲಿ ಹೊರಡಿಸಿ 2016ರಲ್ಲಿ ತಿದ್ದಿದ ನಿಯಮಾವಳಿಯು, ಮುಂಚಿತವಾಗಿ ತಿಳಿಸದೆ ಹಾರಾಟವನ್ನು ರದ್ದುಮಾಡಿದರೆ ಪ್ರಯಾಣದ ಅವಧಿಗೆ ತಕ್ಕಂತೆ 5,000, 7,500 ಅಥವಾ 10,000 ರೂಪಾಯಿಗಳನ್ನು, ಅಥವಾ ಮೂಲದರ ಹಾಗೂ ಇಂಧನದ ವೆಚ್ಚವನ್ನು, ಎರಡರಲ್ಲಿ ಕಡಮೆಯಾದುದನ್ನು ಪರಿಹಾರವಾಗಿ ಗೊತ್ತುಪಡಿಸಿತು. ತಡವಾದರೆ ಊಟ ಉಪಾಹಾರ, ತಡವು ಆರು ಗಂಟೆ ಮೀರಿದರೆ ಬೇರೆ ವಿಮಾನ ಅಥವಾ ಪೂರ್ತಿ ಹಣ. ಸಂಸ್ಥೆಯ ಕೈಮೀರಿದ ಕಾರಣವಿದ್ದರೆ ಪರಿಹಾರವಿಲ್ಲ. ಈ ನಿಯಮಗಳನ್ನು ಪ್ರತಿಯೊಬ್ಬ ಪ್ರಯಾಣಿಕನೂ ತಿಳಿದಿರಬೇಕು, ಕೇಳಿ ಪಡೆಯಬೇಕು. ನ್ಯಾಯವಾಗಿ ಬರಬೇಕಾದುದನ್ನು ಕೇಳುವುದು ಜಗಳಗಂಟತನವಲ್ಲ. ಆದರೂ ಹಣ ಹಿಂದಿರುಗಬಲ್ಲುದು, ಹೊತ್ತು ಹಿಂದಿರುಗಲಾರದು. ತಂದೆಯ ಮುಖವನ್ನು ಕಡೆಯ ಸಲ ನೋಡಲಾಗದ ಮಗನಿಗೆ ಕೊಡುವ 10,000 ರೂಪಾಯಿ ಯಾವುದರ ಬೆಲೆ? ಕಾನೂನು ಅಳೆಯಬಲ್ಲುದನ್ನು ಮಾತ್ರ ಅಳೆಯುತ್ತದೆ. ಅಳೆಯಲಾಗದುದನ್ನು ಕಾಯುವುದು ಅಂತಃಸಾಕ್ಷಿಯ ಕೆಲಸ.

ಪ್ರಯಾಣಿಕನ ಧರ್ಮ

ಒಂದು ಕೈಯನ್ನು ಮಾತ್ರ ತಕ್ಕಡಿಗೆ ಹಾಕಿದರೆ ವಿಚಾರ ಪೂರ್ಣವಾಗದು. ಪ್ರಯಾಣಿಕನಿಗೂ ಧರ್ಮವಿದೆ. 2024ರ ಜನವರಿಯಲ್ಲಿ ದಿಲ್ಲಿಯಿಂದ ಗೋವೆಗೆ ಹೊರಡಬೇಕಾಗಿದ್ದ ವಿಮಾನವು ಮಂಜಿನ ಕಾರಣ ಗಂಟೆಗಟ್ಟಲೆ ತಡವಾಯಿತು. ಹಿಂದಿನ ಪೈಲಟರ ಕೆಲಸದ ಅವಧಿ ತೀರಿ ಹೊಸಬರು ಬಂದಿದ್ದರು. ಹಾಗೆ ಬಂದ ಸಹಪೈಲಟನು ಇನ್ನೂ ತಡವಿದೆಯೆಂದು ಪ್ರಕಟಿಸುತ್ತಿದ್ದಾಗ ಪ್ರಯಾಣಿಕನೊಬ್ಬನು ಎದ್ದು ಬಂದು ಅವನನ್ನು ಹೊಡೆದನು. ಹೊಡೆತ ತಿಂದವನು ಮಂಜನ್ನು ತಂದವನಲ್ಲ, ವೇಳಾಪಟ್ಟಿಯನ್ನು ಬರೆದವನೂ ಅಲ್ಲ. ನಿಜವನ್ನು ಹೇಳಲು ಎದುರಿಗೆ ಬಂದು ನಿಂತವನು. ನಿಜ ಹೇಳಿದವನನ್ನು ಹೊಡೆಯುವ ಕಡೆ ಮುಂದಿನ ಸಲ ಸುಳ್ಳೇ ಮಾತನಾಡುತ್ತದೆ. ಅರ್ಧ ಗಂಟೆ, ಅರ್ಧ ಗಂಟೆ ಎಂಬ ಆ ಸಂಕೋಲೆಯ ಒಂದೆರಡು ಕೊಂಡಿಗಳನ್ನು ನಮ್ಮ ಕೋಪವೇ ಬೆಸೆದಿರುತ್ತದೆ. ಕೌಂಟರಿನ ಹಿಂದೆ ನಿಂತ ಇಪ್ಪತ್ತೆರಡರ ಹರೆಯದ ಹುಡುಗಿಗೆ ವಿಮಾನವನ್ನು ಕರೆಸುವ ಅಧಿಕಾರವಿಲ್ಲ. ಅವಳನ್ನು ಕೂಗಿ ಬಯ್ದಾಗ ತಪ್ಪು ಮಾಡಿದವರ ಕಿವಿಗೆ ಅದು ಮುಟ್ಟುವುದಿಲ್ಲ. ಕೋಪವು ತಲುಪಬೇಕಾದ ವಿಳಾಸಕ್ಕೆ ದೂರಿನ ರೂಪದಲ್ಲಿ, ಗ್ರಾಹಕ ಆಯೋಗದ ಅರ್ಜಿಯ ರೂಪದಲ್ಲಿ ತಲುಪಲಿ. ಹಾಗೆ ತಲುಪಿದ ಕೋಪ ಫಲ ಕೊಡುತ್ತದೆ.

ಇನ್ನೂ ಒಂದು ಮಾತು. ಎಲ್ಲಕ್ಕಿಂತ ಕಡಮೆ ಬೆಲೆಯನ್ನು ಹುಡುಕಿ, ನೂರು ರೂಪಾಯಿಯ ವ್ಯತ್ಯಾಸಕ್ಕೆ ಸಂಸ್ಥೆಯನ್ನು ಬದಲಿಸುವ ನಾವು, ಮೀಸಲನ್ನು ಕತ್ತರಿಸುವ ಕತ್ತರಿಗೆ ಸಾಣೆ ಹಿಡಿದವರಲ್ಲಿ ಸೇರಿಲ್ಲವೇ? ಮದುವೆಯ ಮುಹೂರ್ತಕ್ಕೆ ಎರಡು ಗಂಟೆ ಮುಂಚೆ ಇಳಿಯುವ ವಿಮಾನಕ್ಕೆ ಟಿಕೇಟು ಕೊಂಡವನೂ ತನ್ನ ಬಾಳಿನಲ್ಲಿ ಕೋಡಿಯನ್ನಿಡಲು ಮರೆತವನೇ. ಐದಕ್ಕೆಂದು ಸಾರಿ ಏಳಕ್ಕೆ ಆರಂಭವಾಗುವ ನಮ್ಮ ಸಭೆ ಸಮಾರಂಭಗಳು, ಧಾರ್ಮಿಕ ಸಭೆಗಳನ್ನೂ ಸೇರಿಸಿ, ಪರರ ಹೊತ್ತಿಗೆ ಬೆಲೆಯಿಲ್ಲವೆಂಬ ಪಾಠವನ್ನೇ ಮಕ್ಕಳಿಗೆ ಕಲಿಸುತ್ತವೆ. ಹಣವನ್ನು ಕದ್ದವನನ್ನು ಕಳ್ಳನೆನ್ನುವ ಸಮಾಜವು ಹೊತ್ತನ್ನು ಕದ್ದವನನ್ನು ದೊಡ್ಡ ಮನುಷ್ಯನೆಂದು ಹಾರ ಹಾಕಿ ಸ್ವಾಗತಿಸುತ್ತದೆ. ಈ ಸ್ವಭಾವ ನೆಲದ ಮೇಲಿರುವವರೆಗೆ ಆಕಾಶದಲ್ಲಿ ಮಾತ್ರ ಕಾಲನಿಷ್ಠೆಯನ್ನು ನಿರೀಕ್ಷಿಸುವುದು ಹೇಗೆ?

ಒಟ್ಟಿನಲ್ಲಿ ನಮ್ಮ ಪ್ರಶ್ನೆಗೆ ಉತ್ತರವಿದು: ವೇಳಾಪಟ್ಟಿಯು ವಾಗ್ದಾನವೇ ಸರಿ. ಅದನ್ನು ಕೊಡುವವನು ಅದಕ್ಕೆ ಬೇಕಾದ ಮೀಸಲನ್ನು ಮೊದಲೇ ಕೂಡಿಟ್ಟಿರಬೇಕು. ಕೂಡಿಡಲಾರದಿದ್ದರೆ ಕಡಮೆ ಹಾರಾಟಗಳನ್ನು ಸಾರಬೇಕು. ಆ ಮೀಸಲನ್ನು ದುಡಿಯುವವರ ನಿದ್ದೆಯಿಂದ ಕದಿಯಬಾರದು. ದೈವವಶಾತ್ ತಡವಾದಾಗ ನಿಜವನ್ನು ಬೇಗನೆ, ಪೂರ್ತಿಯಾಗಿ ತಿಳಿಸಬೇಕು. ಆಳುವವರು ಸಂಕಟ ಬಂದ ದಿನ ನಿಯಮವನ್ನು ಸಡಿಲಿಸುವುದಕ್ಕಿಂತ, ನಿಯಮ ಬರುವ ದಿನಕ್ಕೆ ಸಿದ್ಧತೆಯಾಗಿದೆಯೇ ಎಂಬುದನ್ನು ಮೊದಲೇ ಪರೀಕ್ಷಿಸಬೇಕು. ಪ್ರಯಾಣಿಕನು ತಾಳ್ಮೆ ಬೇಕಾದಲ್ಲಿ ತಾಳ್ಮೆಯನ್ನೂ, ಪ್ರಶ್ನೆ ಬೇಕಾದಲ್ಲಿ ಪ್ರಶ್ನೆಯನ್ನೂ ತಪ್ಪದೆ ಸಲ್ಲಿಸಬೇಕು.

ಕೊಡಲಾಗುವಷ್ಟನ್ನೇ ನುಡಿಯುವ, ನುಡಿದಷ್ಟನ್ನು ಸಲ್ಲಿಸಲು ಹಗಲಿರುಳು ಸಿದ್ಧವಾಗಿರುವ, ಸಲ್ಲಿಸಲಾಗದಾಗ ಕಣ್ಣಲ್ಲಿ ಕಣ್ಣಿಟ್ಟು ನಿಜ ಹೇಳುವ ಬುದ್ಧಿಯು ವಿಮಾನ ನಡೆಸುವವರಿಗೂ, ಹತ್ತುವವರಿಗೂ, ನೆಲದ ಮೇಲೆಯೇ ಬಾಳುವ ನಮಗೆಲ್ಲರಿಗೂ ದೊರೆಯಲೆಂದು ಹಾರೈಸುತ್ತೇವೆ.